ಅದೇ ಬೂದು ಪ್ಯಾಂಟು

ತಮ್ಮನಿಗೆ ಗೊತ್ತಾಗದ ಹಾಗೆ ತಮ್ಮನ ಪ್ಯಾಂಟು ದೊಡ್ಡದು ಮಾಡುವುದರಲ್ಲಿ ಅಕ್ಕನ ಕೈ ಆರು ವರ್ಷದಿಂದ ಪಳಗಿತ್ತು.

ಕೆಲಸ ಹೇಳಿದಷ್ಟು ಹಗುರವಲ್ಲ. ಪ್ಯಾಂಟಿನ ಹಿಂಭಾಗದ ನಡುಹೊಲಿಗೆಯ ಎರಡೂ ಪಕ್ಕಕ್ಕೆ ದರ್ಜಿಗಳು ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಬೆಳೆಯುವ ಹುಡುಗರಿಗೆ ಮತ್ತು ಹೊಸದಾಗಿ ಮದುವೆಯಾದ ಗಂಡಸರಿಗೆ ಅಂತ ಅದಕ್ಕೊಂದು ತಮಾಷೆಯೂ ಇದೆ. ಬೇರೆಯವರಿಗೆ ಒಂದಿಂಚು ಬಿಡುವ ಅಕ್ಕ ತಮ್ಮನ ಪ್ಯಾಂಟಿಗೆ ಎರಡಿಂಚು ಬಿಡುತ್ತಿದ್ದಳು. ಅವನು ಸ್ನಾನಕ್ಕೆ ಹೋದಾಗಲೋ ಸಾಮಾನು ತರಲು ಹೋದಾಗಲೋ ಹಳೆಯ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಬಿಚ್ಚಿ, ಅರ್ಧ ಇಂಚು ಹೊರಕ್ಕೆ ಹೊಸ ಹೊಲಿಗೆ ಹಾಕಿ, ಹಳೆಯ ಸೂಜಿತೂತುಗಳು ಮುಚ್ಚುವ ಹಾಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತುತ್ತಿದ್ದಳು. ಒಳಗಿನ ಬಟ್ಟೆ ಪೂರ್ತಿ ಮುಗಿದಾಗ ಅದೇ ಬೂದು ಬಟ್ಟೆಯ ಥಾನಿನಿಂದ ಹೊಸ ಪ್ಯಾಂಟೊಂದು ಕತ್ತರಿಸುತ್ತಿದ್ದಳು. ಅದನ್ನು ಐದಾರು ಸಲ ಒಗೆದು, ಬಿಸಿಲಿಗೆ ಹಾಕಿ ಬಣ್ಣ ಇಳಿಸಿ, ಹಳೆಯ ಪ್ಯಾಂಟಿನ ಗುಂಡಿಗಳನ್ನೇ ಬಿಡಿಸಿ ಅದಕ್ಕೆ ಹಾಕಿ, ಅದೇ ಮೊಳೆಗೆ ನೇತುಹಾಕುತ್ತಿದ್ದಳು. ತಮ್ಮ ಬಂದು ಹಾಕಿಕೊಳ್ಳುತ್ತಿದ್ದ. ಸೊಂಟಕ್ಕೆ ಸರಿಯಾಗಿ ಕೂತಿರುತ್ತಿತ್ತು. ಅಷ್ಟೇ.

ಇಷ್ಟೆಲ್ಲ ಯಾಕೆ ಅಂದರೆ, ಅದಕ್ಕೊಂದು ಹಿಂದಿನ ಕತೆ ಇದೆ. ತಮ್ಮನಿಗೆ ಇಪ್ಪತ್ತೆಂಟು ತುಂಬುವ ಹೊತ್ತಿಗೆ ತಲೆಯೊಳಗೆ ಯಾರೋ ಮಾತಾಡಲು ಶುರು ಮಾಡಿದ್ದರು. ಹೊಲಿಗೆ ಯಂತ್ರದ ಸದ್ದಿನಲ್ಲಿ ತನ್ನ ಹೆಸರಿದೆ, ಅದರ ಜೊತೆಗೆ ಬೈಗುಳವೂ ಇದೆ ಎನ್ನುತ್ತಿದ್ದ. ವೈದ್ಯರು ಸ್ಕಿಜೋಫ್ರೇನಿಯಾ ಅಂದರು, ಮಾತ್ರೆ ಕೊಟ್ಟರು. ಮಾತ್ರೆ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿವು ಬಿಟ್ಟೂಬಿಡದೆ ಹತ್ತಿಕೊಂಡಿತು. ಒಂದು ದಿನ ಅಂಗಡಿಯ ಕನ್ನಡಿಯೆದುರು ಪ್ಯಾಂಟಿನ ಗುಂಡಿ ಹಾಕಲು ಹೋಗಿ, ಹಾಕಲಾಗದೆ, "ಇದು ನಾನಲ್ಲ, ಈ ಮಾತ್ರೆ ನನ್ನನ್ನ ಯಾರನ್ನೋ ಮಾಡ್ತಿದೆ" ಅಂದ. ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದ. ಎರಡು ತಿಂಗಳಾಗುವುದರೊಳಗೆ ಮಾತಾಡುವವರು ಮರಳಿ ಬಂದರು. ಹನ್ನೊಂದು ವಾರ ಆಸ್ಪತ್ರೆ. ಅಲ್ಲಿಂದ ಅವನನ್ನು ಕರೆದುಕೊಂಡು ಬಂದ ದಿನವೇ ಅಕ್ಕ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಬಿಟ್ಟಳು. ಪ್ಯಾಂಟು ಬಿಗಿಯಾದರೆ ಮಾತ್ರೆ ಬಿಡುತ್ತಾನೆ. ಹಾಗಾದರೆ ಇವನ ಪ್ಯಾಂಟು ಇನ್ನು ಯಾವತ್ತೂ ಬಿಗಿಯಾಗಬಾರದು.

ಅವರ ಅಂಗಡಿ ಇದ್ದದ್ದು ಬೀಗ ರಿಪೇರಿಯವನ ಮೇಲಿನ ಮಹಡಿಯಲ್ಲಿ, ಹದಿನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆ. ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಕನ್ನಡಿಗೆ ಪರದೆ ಎಳೆದ ಒಂದು ಮೂಲೆ. ಕಿಟಕಿ ಪಕ್ಕದ ಸ್ಟೂಲು ತಮ್ಮನದು. ಕಾಜಾ, ಗುಂಡಿ, ಅಂಚು ಹೊಲಿಯುವುದು ಅವನ ಪಾಲಿಗೆ. ಗಿರಾಕಿಗಳಿಗೆ ಅವನು ಗುಂಡಿಯಣ್ಣ. ದಾರವನ್ನು ಎರಡು ಸಮಾನಾಂತರ ಗೆರೆಯಾಗಿ ಹಾಕಿ, ಗುಂಡಿಯ ಕುತ್ತಿಗೆಗೆ ನಾಲ್ಕು ಸುತ್ತು ಸುತ್ತಿ, ಗಂಟನ್ನು ಅಡಿಯಲ್ಲಿ ಬಚ್ಚಿಡುತ್ತಿದ್ದ. ಅವನು ಹಾಕಿದ ಗುಂಡಿ ಎಳೆದರೆ ಬಟ್ಟೆ ಹರಿಯಬೇಕೇ ಹೊರತು ಗುಂಡಿ ಬರುವ ಮಾತಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಆಸ್ಪತ್ರೆ. ಅಲ್ಲಿ ವೈದ್ಯರು ಬದಲಾಗುತ್ತಿದ್ದರು, ಪ್ರಶ್ನೆ ಬದಲಾಗುತ್ತಿರಲಿಲ್ಲ. ನಿದ್ದೆ ಬರುತ್ತಾ? ಧ್ವನಿ ಕೇಳುತ್ತಾ? ಮಾತ್ರೆ ತಗೋತೀರಾ? ಬರುತ್ತೆ, ಇಲ್ಲ, ತಗೋತೀನಿ. ಐದು ನಿಮಿಷದ ಕೆಲಸ. ಎರಡು ವರ್ಷದ ಹಿಂದೆ ಒಮ್ಮೆ ಮಾತ್ರ, ಅಕ್ಕನಿಗೆ ಜ್ವರ ಬಂದು ತಮ್ಮ ಒಬ್ಬನೇ ಹೋಗಿದ್ದ ಸಲ, ಒಂದು ಮಾತ್ರೆ ಇದ್ದದ್ದು ಒಂದೂವರೆ ಆಗಿತ್ತು. "ಸಣ್ಣದೊಂದು ಅನುಮಾನ ಬಂದಿತ್ತು. ಈಗ ಹೋಗಿದೆ" ಅಂದಿದ್ದ. ಎಂಥ ಅನುಮಾನ ಅಂತ ಅಕ್ಕ ಕೇಳಲಿಲ್ಲ. ಹೋಗಿದೆ ಅಂದಮೇಲೆ ಕೆದಕುವುದೇಕೆ?

ಈ ಸಲ ಹೋದಾಗ ಹೊಸ ನರ್ಸಮ್ಮ ಇದ್ದಳು. ಐವತ್ತರ ಹೆಂಗಸು, ದನಿ ಕಾರಿಡಾರಿನ ಆ ತುದಿಗೂ ಕೇಳುವಂಥದ್ದು. ತೂಕದ ಯಂತ್ರದ ಮೇಲೆ ಫೈಲುಗಳ ರಾಶಿ ಇತ್ತು. ರಾಶಿ ತೆಗೆದರೂ ಮುಳ್ಳು ಹನ್ನೊಂದು ಕಿಲೋದಲ್ಲೇ ನಿಂತಿತ್ತು.

"ಇದರ ತಲೆ ಕೆಟ್ಟಿದೆ, ಯಾರಿಗೂ ಚಿಂತೆ ಇಲ್ಲ" ಎಂದು ಬೈದು, ತಮ್ಮನ ಕಡೆ ತಿರುಗಿದಳು. "ನೀವೇ ಹೇಳಿ. ತೂಕ ಜಾಸ್ತಿ ಆಗಿದೆ ಅನ್ನಿಸುತ್ತಾ?"

"ಇಲ್ಲ ಸಿಸ್ಟರ್. ಆರು ವರ್ಷದಿಂದ ಅದೇ ಪ್ಯಾಂಟು."

"ಅದೇ ಪ್ಯಾಂಟಾ?"

"ಅದೇ. ನೂರಕ್ಕೆ ನೂರು ಅದೇ" ಎಂದು ತಮ್ಮ ಒತ್ತಿ ಹೇಳಿ ಅಕ್ಕನ ಮುಖ ನೋಡಿದ. ಅಕ್ಕ ಗೋಡೆಯ ಕ್ಯಾಲೆಂಡರು ನೋಡಿದಳು.

ಒಳಗೆ ವೈದ್ಯರು ಫೈಲಿನಲ್ಲಿ ತೂಕದಲ್ಲಿ ವ್ಯತ್ಯಾಸವಿಲ್ಲ ಎಂದು ಬರೆದರು. ನ್ಯಾಯವಾಗಿ ಹೇಳಬೇಕೆಂದರೆ ಆ ಸಾಲನ್ನು ಬರೆದದ್ದು ವೈದ್ಯರ ಪೆನ್ನಲ್ಲ, ಅಕ್ಕನ ಸೂಜಿ.

ಅದಾದ ವಾರ ಅಂಗಡಿಗೆ ನಿವೃತ್ತ ಬಸ್ ಡ್ರೈವರ್ ಬಂದ. ಪ್ಯಾಂಟು ಸಣ್ಣದು ಮಾಡಿಸಿಕೊಳ್ಳಲು ಬರುವ ಗಿರಾಕಿ ಅವನೊಬ್ಬನೇ. ಸಕ್ಕರೆ ಕಾಯಿಲೆ ಬಂದ ಮೇಲೆ ಇಳಿದುಹೋಗಿದ್ದ. ಪ್ಯಾಂಟು ಕೈಯಲ್ಲಿ ಹಿಡಿದು ಸೊಂಟಕ್ಕೆ ಟವೆಲು ಸುತ್ತಿಕೊಂಡು ನಿಂತು ಹರಟುವುದು ಅವನ ರೂಢಿ. ಆಗಷ್ಟೇ ತಮ್ಮ ಕೆಳಗಿನಿಂದ ಲೈನಿಂಗ್ ಬಟ್ಟೆಯ ಕಟ್ಟು ಹೊತ್ತು ತಂದ. ಹದಿನಾಲ್ಕು ಮೆಟ್ಟಿಲಿಗೆ ಎರಡು ಕಡೆ ನಿಂತು ಬಂದಿದ್ದ. ಕಟ್ಟು ಇಳಿಸಿದವನೇ ದೊಡ್ಡ ಬಾಟಲಿ ಎತ್ತಿ ನೀರು ಪೂರ್ತಿ ಖಾಲಿ ಮಾಡಿದ.

"ಏನಪ್ಪಾ ಗುಂಡಿಯಣ್ಣ, ರೇಡಿಯೇಟರ್ ಕಾಯ್ತಿದೆಯಾ?" ಅಂದ ಡ್ರೈವರ್.

"ಬಾಯಿ ಒಣಗುತ್ತೆ ಸಾರ್."

"ಎಷ್ಟು ಬಾಟಲಿ ದಿನಕ್ಕೆ?"

"ಐದೋ ಆರೋ. ನೋಡಿಲ್ಲ."

"ಬೆಳಗಾಗೋದ್ರೊಳಗೆ ಎಷ್ಟು ಸಲ ಏಳ್ತೀಯಾ?"

"ಮೂರು. ನಾಲ್ಕು."

ಡ್ರೈವರ್ ಅಕ್ಕನ ಕಡೆ ವಾಲಿ, ದನಿ ತಗ್ಗಿಸಿದ ಹಾಗೆ ಮಾಡಿ ಜೋರಾಗಿಯೇ ಹೇಳಿದ. "ಟೈಲರಮ್ಮ, ನಿಮ್ಮ ತಮ್ಮ ನಮ್ಮ ಸಂಘದ ಸದಸ್ಯ ಆಗಿದ್ದಾನೆ. ರಸೀದಿ ಇನ್ನೂ ಬಂದಿಲ್ಲ, ಅಷ್ಟೇ. ಒಂದು ಸಲ ರಕ್ತ ತೋರಿಸಿ."

ತಮ್ಮ ನಕ್ಕ. ಅಕ್ಕನಿಗೆ ನಗು ಬರಲಿಲ್ಲ. ಸಂಜೆ ಅವನು ಹಾಲು ತರಲು ಹೋದಾಗ, ಮೊಳೆಯ ಮೇಲಿನ ಇನ್ನೊಂದು ಬೂದು ಪ್ಯಾಂಟು ತೆಗೆದು ಒಳಮಗ್ಗುಲು ಮಾಡಿ ನೋಡಿದಳು. ಬಿಚ್ಚಲು ಬಟ್ಟೆ ಉಳಿದಿರಲಿಲ್ಲ. ಕಪಾಟಿನ ತಳದಿಂದ ಬೂದು ಥಾನು ಎಳೆದಳು. ಹಲಗೆಗೆ ಸುತ್ತಿದ್ದದ್ದು ಒಂದು ಗೇಣು. ಒಂದು ಕಾಲಿಗೂ ಸಾಲದು. ಅಂಥ ಬೂದು ಬಣ್ಣ ಈಗ ಯಾವ ಗಿರಣಿಯೂ ನೇಯುವುದಿಲ್ಲವೆಂದು ಬಟ್ಟೆ ಅಂಗಡಿಯವನು ಹೋದ ವರ್ಷವೇ ಹೇಳಿದ್ದ.

ಅಕ್ಕ ಅಳತೆ ಪುಸ್ತಕ ತೆಗೆದಳು. ಎಲ್ಲ ಗಿರಾಕಿಗಳದೂ ಅದರಲ್ಲಿ ಒಂದೊಂದು ಪುಟ. ತಮ್ಮನದು ಕೊನೆಯ ಪುಟ, ಯಾರಿಗೂ ತೋರಿಸದ ಪುಟ. ಬಿಚ್ಚಿದಾಗಲೆಲ್ಲ ತಾರೀಖು ಹಾಕಿ ಸೊಂಟ ಬರೆದಿಟ್ಟಿದ್ದಳು. ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು, ಹೀಗೆ ಏರುತ್ತಾ ನಲವತ್ತೆರಡಕ್ಕೆ ಬಂದು ನಿಂತಿತ್ತು. ಬೇರೆಬೇರೆ ದಿನ ಬೇರೆಬೇರೆ ಪೆನ್ನಿನಲ್ಲಿ ಬರೆದಾಗ ಅರ್ಧ ಇಂಚು ಅಂದರೆ ಅರ್ಧ ಇಂಚೇ. ಈಗ ಒಂದೇ ಪುಟದಲ್ಲಿ ಮೇಲಿಂದ ಕೆಳಗೆ ಓದಿದಾಗ ಅದು ಹತ್ತಿಂಚು. ಏನೂ ಕಾಣದವಳ ಹಾಗೆ ಆರು ವರ್ಷ ಕಣ್ಣು ಬಿಟ್ಟುಕೊಂಡೇ ಕೂತಿದ್ದೆನಲ್ಲ ಅಂದುಕೊಂಡಳು.

ಮರುದಿನ ದಾರ ತರುವ ನೆಪ ಹೇಳಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ನರ್ಸಮ್ಮನ ಬಳಿ ಹೋದಳು.

ನರ್ಸಮ್ಮ ಪುಟವನ್ನು ಎರಡು ಸಲ ಓದಿದಳು. ಈ ಸಲ ದನಿ ಏರಲಿಲ್ಲ. "ಆ ಕಪಾಟಲ್ಲಿ ನಾನೂರು ಫೈಲಿದೆ. ಒಂದರಲ್ಲೂ ಇದಿಲ್ಲ ನೋಡಿ. ನಾವು ತಲೆ ನೋಡಿದ್ವಿ, ಸೊಂಟ ನೋಡಲಿಲ್ಲ."

"ಆ ಮಾತ್ರೆಯಿಂದಾನಾ ಇದು?"

"ಬಹಳ ಮಟ್ಟಿಗೆ. ಹಸಿವು ಜಾಸ್ತಿ ಮಾಡುತ್ತೆ. ಸಕ್ಕರೆ ಏರಿಸುತ್ತೆ, ರಕ್ತದಲ್ಲಿ ಕೊಬ್ಬು ಏರಿಸುತ್ತೆ. ಆಮೇಲೆ ಹೃದಯಕ್ಕೆ ಬರುತ್ತೆ. ಈ ಕಾಯಿಲೆಯವರು ಬೇರೆಯವರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಹೋಗಿಬಿಡ್ತಾರೆ ಕಣಮ್ಮ. ಧ್ವನಿಯಿಂದ ಸಾಯೋದಕ್ಕಿಂತ ಎದೆಯಿಂದ ಸಾಯೋರು ಹೆಚ್ಚು. ಹಾಗಂತ ಮಾತ್ರೆ ಬಿಡೋ ಹಾಗೂ ಇಲ್ಲ. ಅಳೀತಾ ಇರಬೇಕು. ಬೇಕಾದ್ರೆ ಡೋಸು ಇಳಿಸಬಹುದು, ನಿಧಾನವಾಗಿ ಬೇರೆ ಮಾತ್ರೆಗೆ ಹೋಗಬಹುದು, ಸಕ್ಕರೆಗೆ ಔಷಧಿ ಕೊಡಬಹುದು. ಬುಧವಾರ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ."

"ಅವನಿಗೆ ಬೇರೆ ಏನಾದ್ರೂ ಹೇಳಿ ಕರ್ಕೊಂಡು ಬರ್ತೀನಿ. ಸುಮ್ನೆ ಮಾಮೂಲಿ ಪರೀಕ್ಷೆ ಅಂತ."

"ಬೇಡ. ಅವರಿಗೆ ತಿಳಿಸದೆ ನಾನು ಅವರ ರಕ್ತ ತೆಗೆಯಲ್ಲ."

"ಸಿಸ್ಟರ್, ತಿಳಿದ್ರೆ ಮಾತ್ರೆ ಬಿಟ್ಟುಬಿಡ್ತಾನೆ. ಹೋದ ಸಲ ಹನ್ನೊಂದು ವಾರ..."

"ಬಿಡಬಹುದು. ಬಿಡಲ್ಲ ಅಂತ ನಾನು ಬರೆದುಕೊಡಲ್ಲ" ಎಂದು ನರ್ಸಮ್ಮ ಪುಸ್ತಕ ಮುಚ್ಚಿ ಕೊಟ್ಟಳು. "ಈ ಅಳತೆ ಎಲ್ಲ ಎಲ್ಲಿ ತೆಗೆದದ್ದು? ಮೈ ಮೇಲಾ?"

"ಇಲ್ಲ. ಪ್ಯಾಂಟನ್ನ ಮೇಜಿನ ಮೇಲೆ ಹಾಸಿ."

"ಹೊಕ್ಕುಳ ಮಟ್ಟಕ್ಕೆ ಟೇಪು ಹಿಡೀರಿ. ಮೈ ಮೇಲೆ."

ಮೆಟ್ಟಿಲಿಳಿಯುವಾಗ ಅಕ್ಕನಿಗೆ ನಾಚಿಕೆಯಾಯಿತು. ಹಳೆಯ ಬಟ್ಟೆ ತಂದು "ಇದೇ ಅಳತೆಗೆ ಹೊಲಿದುಬಿಡಿ" ಎನ್ನುವ ಗಿರಾಕಿಗಳಿಗೆ ಮೂವತ್ತು ವರ್ಷದಿಂದ ಅವಳು ಹೇಳುತ್ತಾ ಬಂದದ್ದು ಒಂದೇ ಮಾತು. ಬಟ್ಟೆ ಕಳಿಸಬೇಡಿ, ನೀವು ಬನ್ನಿ.

ಭಾನುವಾರ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು. ಕೆಳಗೆ ಬೀಗದವನ ಅರದ ಸದ್ದೂ ಇಲ್ಲ. ತಮ್ಮ ಒಂದು ಸಮವಸ್ತ್ರದ ಅಂಗಿಗೆ ಗುಂಡಿ ಹಾಕುತ್ತಿದ್ದ.

"ಏಳೋ, ಬಾ ಇಲ್ಲಿ. ಅಳತೆ ತಗೋಬೇಕು."

"ಯಾರದ್ದು?"

"ನಿನ್ನದು."

ಅವನು ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಎದ್ದ. "ನನಗ್ಯಾಕೆ? ನನ್ನ ಪ್ಯಾಂಟು ಸರಿಯಾಗೇ ಇದೆಯಲ್ಲ."

ಅಕ್ಕ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಪರದೆ ಸರಿಸಿದಳು. ಅಂಗಿ ಎತ್ತಿ, ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿದಳು. ಪ್ಯಾಂಟು ಹೊಟ್ಟೆಯ ಅಡಿಯಲ್ಲಿ ಎಲ್ಲೋ ನಿಂತಿತ್ತು. ಪುಸ್ತಕದ ನಲವತ್ತೆರಡು ಅಲ್ಲಿಯದು. ಇಲ್ಲಿ ಟೇಪು ಕೂಡಿದ್ದು ನಲವತ್ತನಾಲ್ಕಕ್ಕೆ.

ತಮ್ಮ ತಲೆ ಬಗ್ಗಿಸಿ ಓದಿದ. "ಟೇಪು ತಿರುಗಾಮುರುಗಾ ಹಿಡಿದಿದ್ದೀಯಾ?"

"ಇಲ್ಲ ಕಣೋ."

ಆಮೇಲೆ ಅಕ್ಕ ಹೇಳಿದಳು. ಸುತ್ತಿಬಳಸದೆ, ಬಟ್ಟೆ ಬಿಚ್ಚಿದ ಹಾಗೆ ಒಂದೊಂದೇ ಹೊಲಿಗೆ. ಎರಡಿಂಚು ಒಳಗೆ ಬಿಟ್ಟದ್ದು, ಬಿಚ್ಚಿದ್ದು, ಥಾನು ತಂದದ್ದು, ಹೊಸದು ಹೊಲಿದು ಹಳೆಯದರ ಜಾಗಕ್ಕೆ ಇಟ್ಟದ್ದು. ಪುಸ್ತಕದ ಕೊನೆಯ ಪುಟ ತೆಗೆದು ಮೇಜಿನ ಮೇಲಿಟ್ಟಳು. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಬೆರಳಿಟ್ಟು ತಾರೀಖುಗಳನ್ನು ಓದುತ್ತಾ ಹೋದ. ಒಂದು ಕಡೆ ಬೆರಳು ನಿಂತಿತು.

"ಎರಡು ವರ್ಷದ ಹಿಂದೆ, ಬೇಸಿಗೆ. ಇದು ಬಿಚ್ಚಿದ್ದಾ, ಹೊಸದಾ?"

"ಹೊಸದು."

"ಗುಂಡಿ ಯಾರು ಹಾಕಿದ್ದು?"

"ನಾನೇ. ನಿನ್ನ ಹಳೇ ಗುಂಡಿಯನ್ನೇ ಬಿಡಿಸಿ ಹಾಕಿದ್ದು."

"ಗುಂಡಿ ಹಳೇದು. ದಾರ ನೀನು ಅಡ್ಡ ಹಾಕಿದ್ದೆ." ಅವನು ತಲೆಯೆತ್ತಿದ. "ಕತ್ತರಿ ಗುರುತಿನ ಥರ, ಅಡ್ಡಡ್ಡ. ನಾನು ಹುಟ್ಟಿದಾಗಿಂದ ಒಂದು ಗುಂಡೀನಾದ್ರೂ ಅಡ್ಡ ಹಾಕಿದ್ದೀನೇನೇ ಅಕ್ಕ?"

ಅಕ್ಕ ಅವನ ಅಂಗಿಯ ಗುಂಡಿಗಳನ್ನು ನೋಡಿದಳು.

"ಬೆಳಿಗ್ಗೆ ಹಾಕ್ಕೊಳ್ಳೋವಾಗ ನೋಡಿದೆ. ಗುಂಡಿ ನಂದು, ಹೊಲಿಗೆ ನಂದಲ್ಲ. ಯಾರೋ ನನ್ನ ಪ್ಯಾಂಟು ತಗೊಂಡು, ಅದೇ ಥರದ್ದು ಇನ್ನೊಂದು ಇಡ್ತಿದ್ದಾರೆ ಅನ್ನಿಸ್ತು. ಅನ್ನಿಸಿದ ತಕ್ಷಣ ಬೆವರು ಬಂತು. ಇಂಥದ್ದೇ ಅಲ್ವಾ ಆಸ್ಪತ್ರೆಯವರು ಹೇಳಿದ್ದು? ಯಾರೋ ಏನೋ ಬದಲಾಯಿಸ್ತಿದ್ದಾರೆ ಅಂತ ಅನ್ನಿಸಿದ್ರೆ ಮುಚ್ಚಿಡಬೇಡ, ಬಂದು ಹೇಳು ಅಂತ. ಹೋಗಿ ಹೇಳಿದೆ. ಡಾಕ್ಟ್ರು ಬಹಳ ಒಳ್ಳೇದು ಮಾಡಿದ್ರಿ ಅಂದ್ರು. ಒಂದು ಮಾತ್ರೆ ಒಂದೂವರೆ ಮಾಡಿದ್ರು."

ಅಕ್ಕ ಪ್ಯಾಂಟು ದೊಡ್ಡದು ಮಾಡಿದ್ದಕ್ಕೆ ಮಾತ್ರೆ ಹೆಚ್ಚಾಯಿತು, ಮಾತ್ರೆ ಹೆಚ್ಚಾದದ್ದಕ್ಕೆ ಪ್ಯಾಂಟು ಇನ್ನೂ ದೊಡ್ಡದು ಮಾಡಬೇಕಾಯಿತು. ಪುಸ್ತಕದಲ್ಲಿ ಆ ಬೇಸಿಗೆಯಿಂದಾಚೆ ಅಂಕಿಗಳು ಜೋರಾಗಿ ಏರಿದ್ದು ಈಗ ಇಬ್ಬರಿಗೂ ಕಾಣುತ್ತಿತ್ತು.

"ನನಗ್ಯಾಕೋ ಹೇಳಲಿಲ್ಲ?"

"ನಿನಗೆ ಹೇಳೋದು ಅಂದ್ರೆ ನಿನ್ನ ಮೇಲೇ ಅನುಮಾನ ಪಟ್ಟ ಹಾಗೆ. ಮನೇಲಿ ಇರೋದು ನಾವಿಬ್ಬರೇ. ಬದಲಾಯಿಸೋರು ಅಂದ್ರೆ ಇನ್ಯಾರು?" ಎಂದು ಟೇಪನ್ನು ಸುರುಳಿ ಸುತ್ತಿ ಇಟ್ಟ. "ಅಕ್ಕ ಅಂಥೋಳಲ್ಲ, ನನ್ನ ತಲೆಯೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಯಾರು ಕೇಳಿದ್ರೂ ಅದೇ ಪ್ಯಾಂಟು, ಅದೇ ಪ್ಯಾಂಟು ಅಂತ ಹೇಳಿದ್ದೇ ಹೇಳಿದ್ದು. ನನಗೇ ಹೇಳ್ಕೋತಿದ್ದೆ."

ಅವನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋದ. ಅರ್ಧ ಹಾಕಿದ ಗುಂಡಿಗೆ ದಾರ ಜೋತಾಡುತ್ತಿತ್ತು. ಅವನು ಕೆಲಸವನ್ನು ಹಾಗೆ ನಡುವೆ ಬಿಟ್ಟು ಎದ್ದದ್ದನ್ನು ಅಕ್ಕ ಕಂಡಿರಲಿಲ್ಲ.

ಮೂರು ದಿನ ಅವನು ಮಾತಾಡಲಿಲ್ಲ. ಮನೆಯಲ್ಲಿ ಮಾತ್ರೆಯ ಡಬ್ಬಿ ಅಡುಗೆಮನೆಯ ಕಟ್ಟೆಯಿಂದ ಅವನ ಕೋಣೆಗೆ ಹೋಗಿತ್ತು, ಬಾಗಿಲು ಮುಚ್ಚಿತ್ತು. ಹಿಂದೆಲ್ಲ ಅಕ್ಕ ಬೆಳಿಗ್ಗೆ ಎದ್ದವಳೇ ಮಾತ್ರೆಯ ಪಟ್ಟಿ ಎತ್ತಿ ಖಾಲಿಯಾದ ಗೂಡು ನೋಡುತ್ತಿದ್ದಳು. ಈಗ ನೋಡುವ ದಾರಿಯೂ ಇಲ್ಲ, ಕೇಳುವ ಬಾಯಿಯೂ ಇಲ್ಲ. ಅವನು ಯಂತ್ರದ ಸದ್ದಿಗೆ ಕಿವಿಗೊಡುತ್ತಿದ್ದಾನಾ ಅಂತ ಹೊಲಿಯುತ್ತಾ ಹೊಲಿಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಳು. ಅವನು ಗುಂಡಿ ಹಾಕುತ್ತಿದ್ದ. ಅಂಗಿಗಳದ್ದು ಮುಗಿದ ಮೇಲೆ ಮೊಳೆಯ ಮೇಲಿದ್ದ ಬೂದು ಪ್ಯಾಂಟು ತಂದು, ಅವಳು ಹಾಕಿದ್ದ ಗುಂಡಿಗಳನ್ನೆಲ್ಲ ಕಿತ್ತು, ತನ್ನ ಕೈಯಲ್ಲಿ ಮರಳಿ ಹಾಕಿದ.

ಬುಧವಾರ ಅವನೇ ಮೊದಲು ಸಿದ್ಧನಾಗಿ ಬಾಗಿಲಲ್ಲಿ ನಿಂತಿದ್ದ. ಅಳತೆ ಪುಸ್ತಕ ಅವನ ಕಂಕುಳಲ್ಲಿತ್ತು.

ನರ್ಸಮ್ಮ ರಕ್ತ ತೆಗೆದಳು, ರಕ್ತದೊತ್ತಡ ನೋಡಿದಳು, ಮಲಗಿಸಿ ಎದೆಗೆ ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿ ಇಸಿಜಿ ಮಾಡಿದಳು. "ಮಾತ್ರೆ?" ಎಂದಳು.

ತಮ್ಮ ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟ. ಭಾನುವಾರ, ಸೋಮವಾರ, ಮಂಗಳವಾರದ ಗೂಡುಗಳು ಒಡೆದಿದ್ದವು.

"ತಗೊಂಡಿದ್ದೀನಿ. ಬೈಕೊಂಡು ತಗೊಂಡಿದ್ದೀನಿ" ಅಂದ.

"ಯಾರನ್ನ ಬೈಕೊಂಡು?"

"ಇವಳನ್ನ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನರ್ಸಮ್ಮ, "ಬೈದ್ರೆ ಪರವಾಗಿಲ್ಲ, ನುಂಗಿದ್ರೆ ಸಾಕು" ಅಂದಳು.

ಮಧ್ಯಾಹ್ನ ಚೀಟಿ ಬಂತು. ಖಾಲಿ ಹೊಟ್ಟೆಯ ಸಕ್ಕರೆ ನೂರ ಎಂಬತ್ತಾರು. ಕೊಬ್ಬು ಇರಬೇಕಾದ್ದಕ್ಕಿಂತ ಬಹಳ ಮೇಲೆ. ರಕ್ತದೊತ್ತಡವೂ ಮೇಲೆ. ಹೃದಯ ಸದ್ಯಕ್ಕೆ ಸರಿ. ಸದ್ಯಕ್ಕೆ ಎಂಬ ಮಾತನ್ನು ವೈದ್ಯರು ಎರಡು ಸಲ ಹೇಳಿದರು. ಚಿಕ್ಕ ವಯಸ್ಸಿನವರು, ಈ ಹಿಂದೆ ನೋಡಿದವರಲ್ಲ. ಒಂದೂವರೆಯನ್ನು ಮೆಲ್ಲಗೆ ಒಂದಕ್ಕೆ ಇಳಿಸೋಣ, ಸಕ್ಕರೆಗೆ ಮಾತ್ರೆ ಕೊಡೋಣ, ಮೂರು ತಿಂಗಳು ನೋಡಿ ಬೇರೆ ಔಷಧಿಯ ಯೋಚನೆ ಮಾಡೋಣ, ಒಂದೇ ಏಟಿಗೆ ಯಾವುದನ್ನೂ ನಿಲ್ಲಿಸುವ ಹಾಗಿಲ್ಲ ಎಂದರು.

"ಆಗಲಿ ಡಾಕ್ಟ್ರೇ. ಒಂದು ಸಣ್ಣ ಕೆಲಸ ಇದೆ" ಎಂದ ತಮ್ಮ. "ಎರಡು ವರ್ಷದ ಹಿಂದೆ ನನ್ನ ಫೈಲಲ್ಲಿ ಒಂದು ಸಾಲು ಬರೆದಿದ್ದಾರೆ. ಅದನ್ನ ತೆಗೀರಿ."

ವೈದ್ಯರು ಹುಡುಕಿದರು. ತನ್ನ ಪ್ಯಾಂಟನ್ನು ಯಾರೋ ಗುಟ್ಟಾಗಿ ಬದಲಾಯಿಸುತ್ತಿದ್ದಾರೆಂಬ ಭ್ರಮೆ ಎಂದಿತ್ತು. "ಹಳೇದನ್ನ ಅಳಿಸೋ ಹಾಗಿಲ್ವಲ್ಲ" ಎಂದರು.

"ಪಕ್ಕದಲ್ಲಿ ಬರೀಬಹುದು" ಎಂದಳು ಬಾಗಿಲಲ್ಲಿದ್ದ ನರ್ಸಮ್ಮ.

ತಮ್ಮ ಅಳತೆ ಪುಸ್ತಕ ತೆಗೆದು ತಾರೀಖು ತೋರಿಸಿದ. ವೈದ್ಯರು ಪುಟ ನೋಡಿದರು, ಅಕ್ಕನನ್ನು ನೋಡಿದರು. ಅಕ್ಕ ತಲೆ ಆಡಿಸಿದಳು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಬರೆದದ್ದನ್ನು ಓದಿ ಹೇಳಿದರು. "ಪ್ಯಾಂಟು ನಿಜವಾಗಿಯೂ ಬದಲಾಗುತ್ತಿತ್ತು. ಬದಲಾಯಿಸಿದವರು, ರೋಗಿಯ ಅಕ್ಕ."

"ಕೆಳಗೆ ಸಹಿ" ಎಂದ ತಮ್ಮ. ವೈದ್ಯರು ಸಹಿ ಹಾಕಿದರು.

ದಾರಿಯಲ್ಲಿ ಬಟ್ಟೆ ಅಂಗಡಿ ಸಿಕ್ಕಿತು. ಬೂದು ಬಣ್ಣದ ಸಾಲನ್ನು ದಾಟಿ ಅವನು ಕಡುನೀಲಿ ಬಟ್ಟೆಯೊಂದನ್ನು ಎಳೆದು ನೋಡಿ ಕೊಂಡುಕೊಂಡ. ಮಹಡಿಗೆ ಬಂದು ಮೇಜಿನ ಮೇಲೆ ಹಾಸಿದಾಗ ಅಕ್ಕ ಸೀಮೆಸುಣ್ಣ ಹಿಡಿದು ನಿಂತಳು. ಭಾನುವಾರದಿಂದೀಚೆ ಅವಳು ಅವನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ಒಳಗೆ ಎಷ್ಟು ಬಿಡಲಿ?"

"ಎರಡಿಂಚೇ ಬಿಡು. ಬಿಚ್ಚೋದಾದ್ರೂ ಹಿಡಿಯೋದಾದ್ರೂ ನಾನು ಮಾಡ್ಕೋತೀನಿ. ನೀನು ಕೈ ಹಾಕಬೇಡ."

"ಆಯ್ತು."

"ಗುಂಡೀನೂ."

"ಆಯ್ತು ಅಂದ್ನಲ್ಲೋ."

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ತಾನೇ ಕನ್ನಡಿಯ ಪರದೆ ಸರಿಸಿ, ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿಕೊಂಡ. ನಲವತ್ತನಾಲ್ಕು. ಉಸಿರು ಬಿಟ್ಟು ಮತ್ತೆ ಸುತ್ತಿದ. ನಲವತ್ತನಾಲ್ಕೇ. ಡ್ರೈವರ್ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

"ಏನಪ್ಪಾ ಸದಸ್ಯ, ಇಳಿದಿಲ್ವಾ?"

"ಏರಿಲ್ಲ ಸಾರ್" ಎಂದು ತಮ್ಮ ಪೆನ್ನು ತೆಗೆದು, ಅಕ್ಕನ ಅಂಕಿಗಳ ಕೆಳಗೆ ತಾರೀಖು ಹಾಕಿ ಬರೆದ. ಆಮೇಲೆ ಕಿಟಕಿ ಪಕ್ಕ ಕೂತು ದಾರ ಪೋಣಿಸಿದ.